ಕತ್ತರಿಗೆ ಸಿಕ್ಕ ದಾರಿ

ಹೊರಡುವ ಮುನ್ನ

ಅಕ್ಕನ ಮಗ ಬೆಂಗಳೂರಿನಲ್ಲಿ ಸಿನಿಮಾ ಸಂಕಲನದ ಕೆಲಸ ಕಲಿಯುತ್ತಿದ್ದಾನೆ. ಆಷಾಢದಲ್ಲಿ ಕೆಲಸ ಕಡಿಮೆಯೆಂದು ದಾವಣಗೆರೆಗೆ ಬಂದಿದ್ದವನು ಒಂದು ರಾತ್ರಿ ನಮ್ಮ ಮನೆಯ ಟಿ.ವಿ.ಯಲ್ಲಿ ಇಬ್ಬರು ಗೆಳೆಯರು ಬೈಕ್ ಏರಿ ಹಿಮಾಲಯಕ್ಕೆ ಹೋಗುವ ಚಿತ್ರವೊಂದನ್ನು ಹಾಕಿದ. ಮೂರೂವರೆ ನಿಮಿಷದ ಒಂದು ಹಾಡಿನಲ್ಲಿ ಅವರು ನಾಲ್ಕು ರಾಜ್ಯ ದಾಟಿದರು. ಅಂಗಿಯ ಇಸ್ತ್ರಿ ಮುರಿಯಲಿಲ್ಲ, ಬೈಕಿನ ಮೇಲೆ ಧೂಳು ಕೂರಲಿಲ್ಲ, ಒಮ್ಮೆಯೂ ಪೆಟ್ರೋಲ್ ಹಾಕಿಸಲಿಲ್ಲ.

“ಇವರು ರಾತ್ರಿ ಎಲ್ಲಿ ಮಲಗಿದರು?” ಎಂದು ಕೇಳಿದೆ.

“ಮಾವ, ಅದನ್ನೆಲ್ಲ ತೋರ್ಸಕ್ಕಾಗಲ್ಲ. ಸಿನಿಮಾ ಅಂದ್ರೆ ಕತ್ತರಿಸೋದೇ” ಎಂದ.

ಅವನ ಮಾತು ನಿಜ. ಎಲ್ಲವನ್ನೂ ತೋರಿಸುವ ಸಿನಿಮಾ ಇರಲಾರದು, ಇರಬೇಕಾಗಿಯೂ ಇಲ್ಲ. ಬೈಕು ಲಾರಿಯ ಮೇಲಿಂದ ಹಾರಿದರೂ ನನ್ನ ತಕರಾರಿಲ್ಲ, ಏಕೆಂದರೆ ಅದು ಸಾಹಸದ ಆಟವೆಂದು ನೋಡುವ ಮಗುವಿಗೂ ಗೊತ್ತು. ನನ್ನ ತಕರಾರು ಹಾರದ ಬೈಕಿನ ಬಗ್ಗೆ, ಅಂದರೆ ನಿಜವೆಂದು ನಂಬಿಸುವ ಶಾಂತ ದೃಶ್ಯಗಳ ಬಗ್ಗೆ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದ್ದೇನೆ, ಅದಕ್ಕಿಂತ ಹೆಚ್ಚು ಕಾಲ ಬೈಕ್ ಓಡಿಸಿದ್ದೇನೆ. ಆ ದೃಶ್ಯಗಳು ಯಾವುದನ್ನು ಕತ್ತರಿಸಿ ಬಿಸಾಡುತ್ತವೆಯೋ ಅದನ್ನೇ ನಾನು ಪ್ರಯಾಣವೆಂದು ತಿಳಿದಿದ್ದೇನೆ.

ವಾದ ಮುಗಿಯುವ ಹೊತ್ತಿಗೆ ಒಂದು ಒಪ್ಪಂದವಾಗಿತ್ತು. ದುರ್ಗದ ಸೀಮೆಯಲ್ಲಿ ನಾಲ್ಕು ದಿನ ಇಬ್ಬರೂ ಬೈಕಿನಲ್ಲಿ ಸುತ್ತುವುದು, ಅವನು ಅದನ್ನು ಹನ್ನೆರಡು ನಿಮಿಷದ ಕಿರುಚಿತ್ರವಾಗಿ ಮಾಡುವುದು, ನಾನು ಒಂದು ನೋಟ್‌ಬುಕ್‌ನಲ್ಲಿ ಪ್ರತಿ ನಿಲುಗಡೆಯನ್ನೂ ಗಂಟೆ ನಿಮಿಷ ಸಮೇತ ಬರೆಯುವುದು. ಅವನದು 350 ಸಿ.ಸಿ.ಯ ಹೊಸ ಬುಲೆಟ್. ನನ್ನದು ಅಪ್ಪ 1984ರಲ್ಲಿ ಕೊಂಡ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅಲ್ಲಿ ಹುಟ್ಟಿದ ಈ ಗಾಡಿ ನಮ್ಮ ಮನೆಯಲ್ಲಿ ಇನ್ನೂ ಓಡಾಡುತ್ತಿದೆ.

ಮೊದಲ ದಿನ: ದಾವಣಗೆರೆಯಿಂದ ಚಿತ್ರದುರ್ಗಕ್ಕೆ

ಸಿನಿಮಾದ ನಾಯಕ ಒಂದು ಚೀಲವನ್ನು ಹೆಗಲಿಗೆ ಎಸೆದುಕೊಂಡು ಹೊರಟುಬಿಡುತ್ತಾನೆ. ನಾವು ಹೊರಡಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಎರಡು ಟ್ಯೂಬು, ಗಾಳಿ ಪಂಪು, ಸ್ಪ್ಯಾನರ್‌ಗಳ ಸುರುಳಿ, ಎರಡು ಸ್ಪಾರ್ಕ್ ಪ್ಲಗ್ಗು, ಟೂ-ಸ್ಟ್ರೋಕ್ ಎಣ್ಣೆಯ ಡಬ್ಬಿ, ಮಳೆ ಅಂಗಿ, ನೀರು, ಬಟ್ಟೆ. ಇವನ್ನು ಎರಡು ಬದಿಗೂ ಸಮತೂಕವಾಗುವಂತೆ ಹಂಚಿ ಹಗ್ಗ ಬಿಗಿಯಬೇಕು. ಒಂದು ಬದಿ ಮೂರು ಕಿಲೋ ಹೆಚ್ಚಾದರೂ ಹ್ಯಾಂಡಲ್ ಹಿಡಿದ ಕೈಗೆ ತಿಳಿಯುತ್ತದೆ.

ಬಂಕಿನಲ್ಲಿ ಅಳಿಯನ ಗಾಡಿಗೆ ಪೆಟ್ರೋಲ್ ಬಿದ್ದು ಮುಗಿದರೂ ನನ್ನದು ಮುಗಿದಿರಲಿಲ್ಲ. ಯೆಜ್ಡಿಯ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಬೆರೆತು ಹೋಗಬೇಕು. ನಾನು ಲೀಟರಿಗೆ 40 ಮಿ.ಲೀ. ಲೆಕ್ಕದಲ್ಲಿ ಎಂಟು ಲೀಟರಿಗೆ 320 ಮಿ.ಲೀ. ಎಣ್ಣೆಯನ್ನು ಅಳತೆ ಲೋಟದಲ್ಲಿ ಸುರಿದು, ಮುಚ್ಚಳ ಹಾಕಿ, ಗಾಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತೇನೆ. ಎಣ್ಣೆ ಮರೆತರೆ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ, ಓಡುತ್ತಿರುವಾಗಲೇ ಹಿಂದಿನ ಚಕ್ರ ನಿಂತುಬಿಡುತ್ತದೆ. ಬಂಕಿನ ಹುಡುಗ ಪೈಪು ಕೈಯಲ್ಲಿ ಹಿಡಿದುಕೊಂಡೇ ಇದನ್ನೆಲ್ಲ ನೋಡುತ್ತಿದ್ದ.

ಪೆಟ್ರೋಲ್ ಹಾಕಿಸುವುದನ್ನು ತೋರಿಸಿದರೆ ಕಥೆ ನಿಂತುಹೋಗುತ್ತದೆ ಎಂಬ ಅಳಿಯನ ಮಾತಿಗೆ ನನ್ನ ಉತ್ತರ 1969ರ ಅಮೆರಿಕದ ‘ಈಸಿ ರೈಡರ್’. ಬೈಕ್ ಪ್ರವಾಸದ ಚಿತ್ರಗಳಿಗೆಲ್ಲ ಹಿರಿಯಣ್ಣನಂತಿರುವ ಆ ಚಿತ್ರದಲ್ಲಿ ಇಬ್ಬರು ಸವಾರರ ಹಣವೆಲ್ಲ ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ಕೊಳವೆಯಲ್ಲಿ ಅಡಗಿರುತ್ತದೆ. ದಾರಿಯಲ್ಲಿ ಹತ್ತಿಸಿಕೊಂಡ ಅಪರಿಚಿತನೊಬ್ಬ ಬಂಕಿನಲ್ಲಿ ಆ ಟ್ಯಾಂಕಿನ ಮುಚ್ಚಳ ತೆರೆದಾಗ ಸವಾರರಲ್ಲೊಬ್ಬನಿಗೆ ಜೀವ ಬಾಯಿಗೆ ಬರುತ್ತದೆ. ಬಂಕು ಕಥೆಯನ್ನು ನಿಲ್ಲಿಸಲಿಲ್ಲ, ಕಥೆಯೇ ಬಂಕಿನಲ್ಲಿ ಬಂದು ನಿಂತಿತು.

ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿ.ಮೀ. ಹೆದ್ದಾರಿ ಆಗ್ನೇಯಕ್ಕೆ ಹೋಗುತ್ತದೆ, ಆಷಾಢದ ಗಾಳಿ ಪಶ್ಚಿಮದಿಂದ ಬರುತ್ತದೆ. ಹೀಗಾಗಿ ಗಾಳಿ ನಮ್ಮ ಬಲಭುಜಕ್ಕೆ ಹಿಂದಿನಿಂದ ಒತ್ತುತ್ತಿತ್ತು. ಬಲಕ್ಕೆ ಒಂದು ಕಂಟೇನರ್ ಲಾರಿ ಬಂದರೆ ಗಾಳಿ ತಟ್ಟನೆ ನಿಂತು ಗಾಡಿ ಲಾರಿಯ ಕಡೆಗೆ ವಾಲುತ್ತದೆ. ಲಾರಿ ಮುಂದೆ ಹೋದ ಮರುಕ್ಷಣ ಯಾರೋ ತಳ್ಳಿದಂತೆ ಎಡಕ್ಕೆ ಸರಿಯುತ್ತದೆ. ಭರಮಸಾಗರ ತಲುಪುವುದರೊಳಗೆ ಇದು ಮೂವತ್ತು ನಲವತ್ತು ಸಲವಾದರೂ ಆಗಿರಬೇಕು. ಸಿನಿಮಾದಲ್ಲಿ ನಾಯಕನ ಕೂದಲು ಹಾರುವುದರಿಂದ ಗಾಳಿ ಇದೆಯೆಂದು ತಿಳಿಯುತ್ತದೆ. ಆದರೆ ಆ ಗಾಳಿ ಅವನ ಗಾಡಿಯನ್ನು ಒಂದು ಗೇಣೂ ಅಲುಗಿಸುವುದಿಲ್ಲ.

ಭರಮಸಾಗರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ, ಮುಂದೆ ಹೋಗುತ್ತಿದ್ದ ಅಳಿಯನ ಬುಲೆಟ್ಟಿನ ಬಲ ಇಂಡಿಕೇಟರ್ ಮಿನುಗುತ್ತಲೇ ಇರುವುದು ಕಂಡಿತು. ಟ್ರ್ಯಾಕ್ಟರೊಂದನ್ನು ದಾಟಲು ಹಾಕಿದವನು ಆರಿಸುವುದನ್ನು ಮರೆತಿದ್ದ. ಹಿಂದಿನ ಲಾರಿಯವನು ಅದನ್ನು ನಂಬಿ ಎಡದಿಂದ ನುಗ್ಗಿದರೆ ಏನಾಗುತ್ತದೆಂದು ಹೆದ್ದಾರಿಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಹಾರ್ನ್ ಹೊಡೆದೆ, ಕೇಳಿಸಲಿಲ್ಲ. ಕೊನೆಗೆ ಪಕ್ಕಕ್ಕೆ ಹೋಗಿ ಗಂಟಲು ಹರಿಯುವಂತೆ ಕೂಗಿದೆ. ಅವನು ಕತ್ತು ಚಾಚಿದ, ಏನೋ ಹೇಳಿದ, ನನಗೂ ಕೇಳಿಸಲಿಲ್ಲ. ನಾನು ಮತ್ತೆ ಕೂಗಿದೆ. ಅವನು ಖುಷಿಯಿಂದ ಹೆಬ್ಬೆರಳು ಎತ್ತಿ, ಸರ್ವೀಸ್ ರಸ್ತೆಗೆ ಇಳಿದು, ಒಂದು ಚಹದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ.

“ಚಾ ಕುಡಿಯೋಣ ಅಂದ್ರಲ್ಲ ಮಾವ?”

ಹೆಲ್ಮೆಟ್ಟಿನೊಳಗೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ, ಗಾಳಿಯ ಸದ್ದೇ 85 ಡೆಸಿಬೆಲ್ ದಾಟುತ್ತದೆ. ಎದುರೆದುರು ಕೂತು ಆಡುವ ಮಾತು 60ರ ಆಸುಪಾಸು. ಸಿನಿಮಾದಲ್ಲಿ ಎರಡು ಬೈಕಿನವರು ಅಕ್ಕಪಕ್ಕ ಓಡುತ್ತಾ ಪ್ರೀತಿ, ಸಾಲ, ತಂದೆಯ ಸಾವು ಇವುಗಳ ಬಗ್ಗೆ ಮೆಲುದನಿಯಲ್ಲಿ ಮಾತನಾಡಿಕೊಳ್ಳುತ್ತಾರೆ. ಆ ಮಾತುಗಳೆಲ್ಲ ತಣ್ಣನೆಯ ಡಬ್ಬಿಂಗ್ ಕೋಣೆಯಲ್ಲಿ ಹುಟ್ಟಿದವು. ಹಿಂದೆ ಕೂತವರ ಕಡೆ ತಿರುಗಿ ಮೂರು ಸೆಕೆಂಡು ಮಾತನಾಡುವ ನಾಯಕ, 60 ಕಿ.ಮೀ. ವೇಗದಲ್ಲಿದ್ದರೆ, 50 ಮೀಟರ್ ದಾರಿಯನ್ನು ಕುರುಡನಾಗಿ ದಾಟಿರುತ್ತಾನೆ. ಬೈಕಿನ ಮೇಲೆ ಮಾತಿಲ್ಲದಿರುವುದು ಕೊರತೆಯೆಂದು ನನಗೆ ಎಂದೂ ಅನಿಸಿಲ್ಲ. ಅಪ್ಪನ ಬೆನ್ನಿಗೆ ಕೆನ್ನೆಯೊತ್ತಿ ಇದೇ ಗಾಡಿಯಲ್ಲಿ ಊರೂರು ತಿರುಗಿದಾಗ ಅವರು ಆಡಿದ ಒಂದು ಮಾತೂ ನೆನಪಿಲ್ಲ, ಅವರ ಅಂಗಿಯ ವಾಸನೆ ನೆನಪಿದೆ.

ಸಂಜೆ ದುರ್ಗದ ಲಾಡ್ಜಿನಲ್ಲಿ ‘ಶೋಲೆ’ಯ ಮಾತು ಬಂತು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದು 1975ರ ಆಗಸ್ಟ್ 15ರಂದು ಬಿಡುಗಡೆಯಾದ ಆ ಚಿತ್ರದಲ್ಲಿ, ಪಕ್ಕದ ಗಾಡಿ ಜೋಡಿಸಿದ ಬಿ.ಎಸ್.ಎ. ಬೈಕಿನ ಮೇಲೆ ಇಬ್ಬರು ಗೆಳೆಯರು ಹಾಡುತ್ತಾರೆ. ದಾರಿ ಕವಲಾದಲ್ಲಿ ಪಕ್ಕದ ಗಾಡಿ ಕಳಚಿ ಬೇರೆಯಾಗಿ, ಮುಂದೆ ತಾನಾಗಿ ಬಂದು ಕೂಡಿಕೊಳ್ಳುತ್ತದೆ. ಆ ಐದು ನಿಮಿಷದ ಹಾಡಿನ ಚಿತ್ರೀಕರಣಕ್ಕೆ 21 ದಿನ ಹಿಡಿಯಿತು. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಕಳಚಿ ಮತ್ತೆ ಕೂಡಿಕೊಳ್ಳುವ ಗಾಡಿ ಆ ಗೆಳೆತನಕ್ಕೆ ಒಪ್ಪುವ ಕಾವ್ಯ, ಅದನ್ನು ಯಾರೂ ರಸ್ತೆಯ ಪಾಠವೆಂದು ನೋಡುವುದಿಲ್ಲ.

ಎರಡನೆಯ ದಿನ: ಚಳ್ಳಕೆರೆ ದಾಟಿ ಮೊಳಕಾಲ್ಮೂರಿಗೆ

ಬೆಳಗ್ಗೆ ಕೋಟೆಯ ಕಡೆ ಒಂದು ಸುತ್ತು ಹೋಗಿ ಬಂದೆವು. 1972ರಲ್ಲಿ ‘ನಾಗರಹಾವು’ ಚಿತ್ರೀಕರಣವಾದದ್ದು ಇಲ್ಲಿಯೇ. ಓಬವ್ವನ ಕಿಂಡಿಯ ಮುಂದೆ ನಿಂತವರಲ್ಲಿ ಹಲವರು ಇವತ್ತಿಗೂ ಇತಿಹಾಸವನ್ನು ಆ ಚಿತ್ರದ ಓಬವ್ವನ ಹಾಡಿನ ಮೂಲಕವೇ ನೆನೆಯುತ್ತಾರೆ. ಸಿನಿಮಾ ತೋರಿಸಿದ್ದನ್ನು ಜನ ಹೀಗೆ ಐವತ್ತು ವರ್ಷ ಎದೆಯಲ್ಲಿಟ್ಟುಕೊಳ್ಳುತ್ತಾರೆ ಎಂಬ ಕಾರಣಕ್ಕೇ ಅದು ರಸ್ತೆಯ ಬಗ್ಗೆ ಏನು ಹೇಳುತ್ತದೆ ಎಂಬುದು ನನಗೆ ಮುಖ್ಯ.

ಚಳ್ಳಕೆರೆಯವರೆಗಿನ ಸುಮಾರು 30 ಕಿ.ಮೀ. ಪೂರ್ವಕ್ಕೆ ಹೋಗುತ್ತದೆ. ಗಾಳಿ ಈಗ ನಮ್ಮ ಬೆನ್ನಿಗೆ ಬಂತು. ನಾವೂ ಗಾಳಿಯೂ ಒಂದೇ ದಿಕ್ಕಿಗೆ ಓಡುವಾಗ ಕಿವಿಯ ಬಳಿಯ ಅಬ್ಬರ ಇಳಿದು ಎಂಜಿನ್ನಿನ ಸದ್ದು ಬಿಡಿಬಿಡಿಯಾಗಿ ಕೇಳತೊಡಗಿತು. ಎರಡೂ ಬದಿಗೆ ಶೇಂಗಾ ಬಿತ್ತನೆಯ ಕೆಂಪು ಹೊಲ, ಹಿಂದೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು. ನಾಲ್ಕು ದಿನಗಳಲ್ಲಿ ಸಿನಿಮಾದಂತೆಯೇ ಇದ್ದ ಹಾದಿ ಇದೊಂದೇ. ಇಂಥ ಅರ್ಧ ಗಂಟೆಗಳು ನಿಜವಾಗಿಯೂ ಇವೆ, ಅವುಗಳಿಗಾಗಿಯೇ ನಾವು ಗಾಡಿ ಹತ್ತುತ್ತೇವೆ ಎಂಬುದನ್ನೂ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ.

ಚಳ್ಳಕೆರೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಹತ್ತು ಮುಕ್ಕಾಲರ ಸುಮಾರಿಗೆ ಯೆಜ್ಡಿಯ ಹಿಂಭಾಗ ಮೀನಿನ ಬಾಲದಂತೆ ಆಡತೊಡಗಿತು. ಹಿಂದಿನ ಟೈರು ಇಳಿದಾಗ ಕೈ ತಾನಾಗಿ ಬ್ರೇಕಿಗೆ ಹೋಗುತ್ತದೆ, ಹೋಗಬಾರದು. ಥ್ರಾಟಲ್ ಮೆಲ್ಲಗೆ ಮುಚ್ಚಿ, ಹ್ಯಾಂಡಲ್ ನೆಟ್ಟಗೆ ಹಿಡಿದು, ಗಾಡಿ ತಾನೇ ನಿಲ್ಲುವಷ್ಟು ದೂರ ಕೊಡಬೇಕು. ಹಾಗೆಯೇ ಮಾಡಿ ರಸ್ತೆಯಂಚಿನ ಹುಣಸೆ ಮರದ ಬಳಿ ನಿಂತೆ.

ನಮ್ಮಲ್ಲಿ ಟ್ಯೂಬುಗಳಿದ್ದವು. ಆದರೆ ಟೈರು ಕೀಳುವ ಪಟ್ಟಿಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಯೆಜ್ಡಿಯ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿರುತ್ತದೆ, ಅದನ್ನು ಮುಟ್ಟದೆ ಆಕ್ಸಲ್ ಎಳೆದು ಚಕ್ರವನ್ನು ಹೊರತೆಗೆಯಬಹುದು. ಚಕ್ರವೇನೋ ಹತ್ತು ನಿಮಿಷದಲ್ಲಿ ಕೈಗೆ ಬಂತು. ಆದರೆ ಉಳಿದ ಗಾಡಿಯನ್ನು ಸಾಮಾನು ಸಮೇತ ಅಲ್ಲಿ ಬಿಟ್ಟು ಹೋಗುವುದು ಹೇಗೆ? ಹೆಗಲಿಗೆ ಕಂಬಳಿ ಹಾಕಿಕೊಂಡು ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹೊಲದ ಬದುವಿನಿಂದ ಇಳಿದು ಬಂದರು.

“ಏನಾತು?”

“ಪಂಕ್ಚರ್ ಆಗಿದೆ ಯಜಮಾನ್ರೇ.”

“ಮುಂದಿನ ಊರಾಗೆ ಅಂಗಡಿ ಐತೆ, ಆರು ಮೈಲಿ ಆಗ್ಬಹುದು. ನೀವಿಬ್ರೂ ಹೋಗ್ಬರ್ರಿ, ನಾನು ಕುರಿ ಇಲ್ಲೇ ಮೇಯಿಸ್ತೀನಿ.”

ಅಷ್ಟೇ ಮಾತು. ಅಳಿಯನ ಹಿಂದೆ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಅಂಗಡಿಯೆಂದರೆ ಒಂದು ತಗಡಿನ ಮಾಡು, ನೀರು ತುಂಬಿದ ಅರ್ಧ ಡ್ರಮ್ಮು, ಕಂಪ್ರೆಸರ್, ಹಳೆಯ ಟೈರುಗಳ ಗುಡ್ಡೆ. ಅಂಗಡಿಯವರು ಎರಡು ಪಟ್ಟಿ ಕೊಟ್ಟು ಟೈರಿನ ಅಂಚು ಎಬ್ಬಿಸಿ ಟ್ಯೂಬು ಎಳೆದರು, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗೇಣು ಗೇಣಾಗಿ ತಿರುಗಿಸಿದರು. ಒಂದು ಕಡೆ ಗುಳ್ಳೆಗಳ ಸಣ್ಣ ಸರ ಎದ್ದಿತು. ಗುರುತು ಮಾಡಿದರು, ಆದರೆ ಪ್ಯಾಚ್ ಹಾಕಲಿಲ್ಲ. ಹಳೆಯ ಬನಿಯನ್ ಚೂರನ್ನು ಕೈಗೆ ಸುತ್ತಿಕೊಂಡು ಟೈರಿನ ಒಳಮೈಯನ್ನು ಸವರುತ್ತಾ ಹೋದರು. ಕಣ್ಣು ಟೈರಿನ ಕಡೆ ಇರಲಿಲ್ಲ, ರಸ್ತೆಯ ಕಡೆ ಇತ್ತು. ಎರಡನೆಯ ಸುತ್ತಿನಲ್ಲಿ ಬಟ್ಟೆ ಎಲ್ಲೋ ಚುಚ್ಚಿ ನಿಂತಿತು.

“ಇಲ್ಲೈತೆ ನೋಡ್ರಿ. ಇದನ್ನ ತೆಗೀದೆ ಪ್ಯಾಚ್ ಹಾಕಿದ್ರೆ ಮುಂದಿನ ಊರಾಗೆ ಮತ್ತೆ ಇಳೀತೀರಿ.”

ಕಟಿಂಗ್ ಪ್ಲೈಯರಿನಿಂದ ಎಳೆದು ಅಂಗೈ ಮೇಲಿಟ್ಟರು. ಬಳ್ಳಾರಿ ಜಾಲಿಯ ಮುಳ್ಳಿನ ತುದಿ, ಅರ್ಧ ಇಂಚೂ ಇರಲಿಲ್ಲ. ಹೊರಗೆ ಮುರಿದು ಹೋಗಿದ್ದರಿಂದ ಮೇಲಿನಿಂದ ನೋಡಿದರೆ ಕಾಣುವಂತಿರಲಿಲ್ಲ. ಆಮೇಲೆ ಅರದಿಂದ ಟ್ಯೂಬು ಉಜ್ಜಿ, ಸೊಲ್ಯೂಷನ್ ಹಚ್ಚಿ, ಸುಮ್ಮನೆ ಕೂತರು. ಅಳಿಯ ಪ್ಯಾಚ್ ತೆಗೆದುಕೊಡಲು ಹೋದ. “ಒಣಗಬೇಕು ತಮ್ಮ” ಎಂದರು. ಸೊಲ್ಯೂಷನ್ ಹಸಿಯಿರುವಾಗ ಅಂಟಿಸಿದರೆ ಓಡುವ ಟೈರಿನ, ಬಿಸಿಲಿನ ಕಾವಿಗೆ ಪ್ಯಾಚ್ ಜಾರುತ್ತದೆ. ಆ ನಾಲ್ಕೈದು ನಿಮಿಷ ಮೂವರೂ ಟ್ಯೂಬಿನ ಆ ಒಂದು ರೂಪಾಯಿ ಅಗಲದ ಜಾಗವನ್ನು ನೋಡುತ್ತಾ ಕೂತಿದ್ದೆವು.

ಅಳಿಯ ಗುಳ್ಳೆ ಎದ್ದಲ್ಲಿಂದ ಹಿಡಿದು ಮುಳ್ಳು ಹೊರಬರುವವರೆಗೆ ಕ್ಯಾಮೆರಾ ಹಿಡಿದಿದ್ದ, ಸೊಲ್ಯೂಷನ್ ಒಣಗುವಾಗ ಆರಿಸಿಬಿಟ್ಟ. ಬ್ಯಾಟರಿ ಉಳಿಸುವುದಕ್ಕೆಂದು ಹೇಳಿದ. ನಾನು ಏನೂ ಹೇಳಲಿಲ್ಲ, ನೋಟ್‌ಬುಕ್‌ನಲ್ಲಿ ಹೊತ್ತು ಬರೆದುಕೊಂಡೆ.

ವಾಪಸು ಬಂದಾಗ ಕುರಿಗಳು ಹುಣಸೆ ಮರದ ಸುತ್ತಲೇ ಇದ್ದವು. ಹಿರಿಯರು ಮರಕ್ಕೊರಗಿ ಕೂತಿದ್ದರು. ಚಕ್ರ ಕೂರಿಸಿ ಆಕ್ಸಲ್ ಬಿಗಿಯುವವರೆಗೂ ನಿಂತು ನೋಡಿದರು. ಹಣ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು, ನಮ್ಮ ಚೀಲದಲ್ಲಿದ್ದ ಮಂಡಕ್ಕಿ ಖಾರದ ಪೊಟ್ಟಣವನ್ನು ಮಾತ್ರ ತೆಗೆದುಕೊಂಡರು. ನಾವು ಮತ್ತೆ ಹೊರಟಾಗ ಒಂದೂ ಮೂವತ್ತೈದು. ಎರಡು ಗಂಟೆ ಐವತ್ತು ನಿಮಿಷ.

ಇಡೀ ಪ್ರವಾಸದಲ್ಲಿ ನಾವು ಅಪರಿಚಿತರನ್ನು ನಂಬಿದ್ದೂ, ಅವರು ನಮ್ಮನ್ನು ನಂಬಿದ್ದೂ, ಆ ಎರಡು ಗಂಟೆ ಐವತ್ತು ನಿಮಿಷದಲ್ಲಿಯೇ. ಸಿನಿಮಾದ ಬೈಕ್ ಕೆಡುವುದು ಸಾಮಾನ್ಯವಾಗಿ ನಾಯಕಿಯ ಮನೆಯ ಮುಂದೆ ಮಾತ್ರ. 2004ರ ‘ದಿ ಮೋಟಾರ್‌ಸೈಕಲ್ ಡೈರೀಸ್’ ಇದಕ್ಕೆ ದೊಡ್ಡ ಅಪವಾದ, ನನಗೆ ಅತ್ಯಂತ ಪ್ರಿಯವಾದದ್ದೂ ಅದೇ. 1952ರಲ್ಲಿ, ಮುಂದೆ ಕ್ರಾಂತಿಕಾರಿ ‘ಚೆ’ ಎಂದು ಹೆಸರಾದ 23 ವರ್ಷದ ಅರ್ನೆಸ್ಟೋ ಗೆವಾರ ಮತ್ತು ಅವನ ಗೆಳೆಯ, 29ರ ಆಲ್ಬರ್ಟೋ ಗ್ರನಾಡೋ ಹಳೆಯ ನಾರ್ಟನ್ 500 ಬೈಕಿನಲ್ಲಿ ಅರ್ಜೆಂಟೀನಾದಿಂದ ಹೊರಟರು. ‘ಬಲಶಾಲಿ’ ಎಂಬ ಅರ್ಥದ ಹೆಸರು ಹೊತ್ತ ಆ ಗಾಡಿ ದಾರಿಯುದ್ದಕ್ಕೂ ಬಿದ್ದು, ಕೆಟ್ಟು, ಕೊನೆಗೆ ಚಿಲಿಯಲ್ಲಿ ಉಸಿರು ನಿಲ್ಲಿಸಿತು. ಮುಂದಿನ ದಾರಿ ನಡಿಗೆ ಮತ್ತು ಕಂಡವರ ವಾಹನ. ಗಾಡಿ ಸತ್ತ ಮೇಲೆಯೇ ಅವರು ಗಣಿ ಕಾರ್ಮಿಕರ, ಕುಷ್ಠರೋಗಿಗಳ ಮುಖ ನೋಡುತ್ತಾರೆ. ನಡೆದದ್ದೂ ಹಾಗೆಯೇ, ಚಿತ್ರವೂ ಅದನ್ನು ಕತ್ತರಿಸಲಿಲ್ಲ.

ಸಂಜೆಯ ಹೊತ್ತಿಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆವು. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನವನ್ನು ಪತ್ತೆಹಚ್ಚಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲ ಎಂಬ ಈ ಊರಿನ ಅಧಿಕಾರಿಗಳಿಗೆ, ಅವರ ಆರೋಗ್ಯ ವಿಚಾರಿಸಿ, ರಾಜನ ಮಾತನ್ನು ತಲುಪಿಸಿದ ಓಲೆ ಅದು. ಅದರಲ್ಲಿ 256 ಎಂಬ ಸಂಖ್ಯೆಯೊಂದಿದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದೆಂದು ಹಲವು ವಿದ್ವಾಂಸರು ಅರ್ಥಮಾಡಿದ್ದಾರೆ. ಹಿಂದೆ ಪಾಠ ಮಾಡುವಾಗ ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದರೂ ಆ ಸಂಖ್ಯೆ ನನ್ನನ್ನು ಹೀಗೆ ಹಿಡಿದು ನಿಲ್ಲಿಸಿರಲಿಲ್ಲ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಪ್ರಯಾಣವನ್ನು ರಾತ್ರಿಗಳಲ್ಲಿ ಎಣಿಸಿದ್ದರು.

“ಆ ದಿನ ನೀವು ಕೇಳಿದ್ದು ಇದನ್ನೇ ಅಲ್ವಾ ಮಾವ, ಎಲ್ಲಿ ಮಲಗಿದರು ಅಂತ” ಎಂದು ಅಳಿಯ ಕೇಳಿದ.

‘ಈಸಿ ರೈಡರ್’ನಲ್ಲಿ ಸವಾರರನ್ನು ಕಂಡ ವಸತಿಗೃಹದವನು ಕೋಣೆಯಿಲ್ಲ ಎಂಬ ಫಲಕ ಹೊತ್ತಿಸುತ್ತಾನೆ, ಅವರು ಬಯಲಿನಲ್ಲಿ ಬೆಂಕಿ ಹಾಕಿಕೊಂಡು ಮಲಗುತ್ತಾರೆ. ಆ ಚಿತ್ರ ಹಗಲಿನಷ್ಟೇ ರಾತ್ರಿಗಳಿಂದಲೂ ಕಟ್ಟಿದ್ದು. ನಮಗೆ ಮೊಳಕಾಲ್ಮೂರಿನಲ್ಲಿ ಕೋಣೆ ಸಿಕ್ಕಿತು, ಕಂಪನಕ್ಕೆ ಜೋಮು ಹಿಡಿದ ಬಲಗೈ ಬೆರಳುಗಳು ಮಾತ್ರ ಮಧ್ಯರಾತ್ರಿಯವರೆಗೂ ನೆಟ್ಟಗಾಗಲಿಲ್ಲ.

ಮೂರನೆಯ ದಿನ: ವಾಣಿವಿಲಾಸ ಸಾಗರ

ದಕ್ಷಿಣಕ್ಕೆ ಚಳ್ಳಕೆರೆ, ಅಲ್ಲಿಂದ ಹಿರಿಯೂರು. ಇಡೀ ದಾರಿ ಬಲಗಡೆಯಿಂದ ಅಡ್ಡಗಾಳಿ. ನೇರ ರಸ್ತೆಯಲ್ಲೂ ಗಾಡಿಯನ್ನು ಬಲಕ್ಕೆ ವಾಲಿಸಿಕೊಂಡೇ ಓಡಿಸಬೇಕಾಯಿತು. ಹೆಚ್ಚು ಬರೆಯುವಂಥದ್ದು ಏನೂ ಇರಲಿಲ್ಲ.

ಹಿರಿಯೂರಿನಿಂದ ವಾಣಿವಿಲಾಸ ಸಾಗರವಿರುವ ಮಾರಿಕಣಿವೆಗೆ ಮಧ್ಯಾಹ್ನವೇ ಹೋಗಿ ಸಂಜೆಗೆ ಕಾದೆವು. ವೇದಾವತಿಗೆ ಅಡ್ಡಲಾಗಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಈ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿತು. ಅದರ ದಂಡೆಯಲ್ಲಿ ನಾವು ಬೆಳಕಿಗಾಗಿ ಮೂರು ಗಂಟೆ ಕಾದದ್ದು ಹೆಚ್ಚೇನಲ್ಲ. ಸಿನಿಮಾದ ಬೈಕುಗಳು ಸದಾ ಹೊನ್ನಿನ ಬೆಳಕಿನಲ್ಲಿ ಓಡುತ್ತವೆ. ಆದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ ಆ ಬೆಳಕು ಸಂಜೆ ಹೆಚ್ಚೆಂದರೆ ಇಪ್ಪತ್ತೈದು ಮೂವತ್ತು ನಿಮಿಷ, ಮುಂಜಾನೆ ಅಷ್ಟೇ. ಆ ಬೆಳಕಿನಲ್ಲಷ್ಟೇ ಓಡಿಸುವವನು ದಿನಕ್ಕೆ ಒಂದು ಗಂಟೆಯೂ ಓಡಿಸಲಾರ.

ಮೋಡ ಸರಿದು ಬೆಳಕು ಬಂದೊಡನೆ ಅಳಿಯ ಒಂದೇ ತಿರುವಿನಲ್ಲಿ ನನ್ನನ್ನು ಏಳು ಸಲ ಓಡಿಸಿದ. ಒಮ್ಮೆ ಎಮ್ಮೆ ಅಡ್ಡ ಬಂತು, ಒಮ್ಮೆ ನಾನು ಕ್ಯಾಮೆರಾ ನೋಡಿದೆ, ಒಮ್ಮೆ ಅವನಿಗೆ ಹೊಗೆ ಹೆಚ್ಚಾಯಿತೆನಿಸಿತು. ತೆರೆಯ ಮೇಲೆ ಒಂದು ಸಾವಿರ ಕಿಲೋಮೀಟರಿನಂತೆ ಕಾಣುವುದು ಹೀಗೆ ಅರ್ಧ ಕಿಲೋಮೀಟರನ್ನು ಏಳು ಸಲ ಓಡಿಸಿ ತೆಗೆದದ್ದು. ದೊಡ್ಡ ಚಿತ್ರಗಳಲ್ಲಿ ನಟ ಅದನ್ನೂ ಓಡಿಸುವುದಿಲ್ಲ. ನೆಲಕ್ಕೆ ತಗ್ಗಾದ ಟ್ರೈಲರಿನ ಮೇಲೆ ಬೈಕನ್ನು ಬಿಗಿದು, ಮುಂದಿನ ವಾಹನದಿಂದ ಎಳೆಯುತ್ತಾರೆ. ಅದನ್ನು ಕಂಡುಹಿಡಿಯುವ ಉಪಾಯವನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದೆ. ನೂರು ಮೀಟರ್ ತ್ರಿಜ್ಯದ ತಿರುವಿನಲ್ಲಿ 60 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಸುಮಾರು 16 ಡಿಗ್ರಿ ವಾಲಲೇಬೇಕು. ದಾರಿ ತಿರುಗಿದರೂ ನಾಯಕ ಕಂಬದಂತೆ ನೆಟ್ಟಗೆ ಕೂತಿದ್ದರೆ ಅವನ ಕೆಳಗೆ ಟ್ರೈಲರಿದೆ ಎಂದೇ ಅರ್ಥ. ಇದರಲ್ಲಿ ತಪ್ಪೇನಿಲ್ಲ. ನಟನ ಜೀವಕ್ಕೆ ಅದೇ ಕ್ಷೇಮ.

ಕೊನೆಯ ಸಲಕ್ಕೆ ಅಳಿಯ ಹೆಲ್ಮೆಟ್ ತೆಗೆಯಲು ಹೇಳಿದ. “ಮುಖ ಕಾಣಲ್ಲ ಮಾವ. ಒಂದೇ ಒಂದು ಶಾಟ್. ರಸ್ತೆಯಲ್ಲಿ ಯಾರೂ ಇಲ್ಲ.”

ನಾನು ಒಪ್ಪಲಿಲ್ಲ. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ, ಆದರೆ ನನ್ನ ಹಟ ಕಾನೂನಿಗಾಗಿ ಅಲ್ಲ. ಹತ್ತನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಕಾಲೇಜು ಸೇರಿದ ವರ್ಷ, ಒಂದು ಚಿತ್ರ ನೋಡಿ ಬಂದು, ಅದರ ನಾಯಕನಂತೆ ಕೂದಲು ಬಿಟ್ಟುಕೊಂಡು, ಅಣ್ಣನ ಬೈಕ್ ತೆಗೆದುಕೊಂಡು ಹೋದ. ಅವನು ಬಿದ್ದ ವೇಗ ದೊಡ್ಡದೇನೂ ಆಗಿರಲಿಲ್ಲ. ಅವನ ತಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು “ಸರ್, ನಿಮ್ಮ ಮಾತು ಕೇಳ್ತಿದ್ದ” ಎಂದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಿನಿಮಾದವರಿಗೆ ನಟನ ಮುಖ ಬೇಕು, ಅದು ಅರ್ಥವಾಗುತ್ತದೆ. ಆದರೆ ಆ ಮುಖಕ್ಕಾಗಿ ರಸ್ತೆಯಿಂದ ಲಾರಿ, ಗುಂಡಿ, ಎಮ್ಮೆ, ಗಾಳಿ ಎಲ್ಲವನ್ನೂ ಅವರು ಮೊದಲೇ ತೆಗೆದಿರುತ್ತಾರೆ. ನೋಡಿದ ಹುಡುಗ ಹೋಗುವ ರಸ್ತೆಯಲ್ಲಿ ಅವೆಲ್ಲವೂ ಇರುತ್ತವೆ.

ಅಳಿಯ ಬಹಳ ಹೊತ್ತು ಸುಮ್ಮನಿದ್ದ. ಬೆಳಕು ಹೋಗುತ್ತಿತ್ತು. ಆಮೇಲೆ, “ಗಾಡಿ ನಿಲ್ಲಿಸಿ ತೆಗೀರಿ. ಅದನ್ನೇ ತೆಗೀತೀನಿ” ಎಂದ. ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ಎತ್ತಿದೆ. ಬೆವರಿಗೆ ಅಂಟಿದ ಕೂದಲು, ಹಣೆಯ ಮೇಲೆ ಸ್ಪಂಜಿನ ಕೆಂಪು ಗೆರೆ, ಕೆನ್ನೆಯ ಮೇಲೆ ಪಟ್ಟಿಯ ಗುರುತು. ಅವನು ಕ್ಯಾಮೆರಾವನ್ನು ಆ ಗೆರೆಯ ಹತ್ತಿರಕ್ಕೆ ತಂದು ಅದು ಮಾಸುವವರೆಗೂ ಹಿಡಿದಿದ್ದ.

ನಾಲ್ಕನೆಯ ದಿನ: ಎದುರುಗಾಳಿ

ಹಿರಿಯೂರಿನಿಂದ ಹೊಸದುರ್ಗ, ಹೊಳಲ್ಕೆರೆ, ದಾವಣಗೆರೆ. ಇಡೀ ದಾರಿ ಪಶ್ಚಿಮಕ್ಕೆ ಮತ್ತು ವಾಯವ್ಯಕ್ಕೆ, ಆಷಾಢದ ಗಾಳಿಗೆ ಎದೆ ಕೊಟ್ಟು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಎದುರುಗಾಳಿಯ ವೇಗವೂ ಆ ಲೆಕ್ಕಕ್ಕೇ ಸೇರುತ್ತದೆ. ಎರಡನೆಯ ದಿನ ಲೀಟರಿಗೆ 33 ಕಿ.ಮೀ. ಕೊಟ್ಟ ಯೆಜ್ಡಿ ಈ ದಿನ 26 ಕೊಟ್ಟಿತು. ಹೊಳಲ್ಕೆರೆಯ ಆಚೆ ತುಂತುರು ಹಿಡಿದು ಅಡಿಕೆ ತೋಟದ ಬದಿಯ ಬಸ್ ತಂಗುದಾಣದಲ್ಲಿ ಮುಕ್ಕಾಲು ಗಂಟೆ ನಿಂತೆವು. ಮಾತಿರಲಿಲ್ಲ. ಅಳಿಯ ತಾನಾಗಿ ಕ್ಯಾಮೆರಾ ತೆಗೆದು ಸೂರಿನಿಂದ ಬೀಳುವ ಹನಿಯ ಕೆಳಗೆ ತಣ್ಣಗಾಗುತ್ತಿದ್ದ ಎರಡು ಗಾಡಿಗಳ ಕಡೆ ಹಿಡಿದ. ಈ ಸಲ ಆರಿಸಲಿಲ್ಲ.

ಕತ್ತಲಾಗುವ ಮೊದಲು ಮನೆ ಸೇರಿದೆವು. ಮೀಟರಿನಲ್ಲಿ 437 ಕಿ.ಮೀ. ಆಗಿತ್ತು. ನೋಟ್‌ಬುಕ್ ಪ್ರಕಾರ ನಾಲ್ಕು ದಿನಗಳಲ್ಲಿ ಗಾಡಿ ಚಲಿಸಿದ್ದು ಹತ್ತು ಗಂಟೆ ನಲವತ್ತು ನಿಮಿಷ. ಉಳಿದದ್ದೆಲ್ಲ ನಿಂತ ಹೊತ್ತು.

ಮೂರು ವಾರದ ಮೇಲೆ ಅಳಿಯ ಫೋನ್ ಮಾಡಿದ. ಸಂಕಲನ ಮುಗಿಯುತ್ತಾ ಬಂದಿತ್ತು. ಯೆಜ್ಡಿಯ ಸದ್ದನ್ನೇ ಇಟ್ಟಿದ್ದೀಯೋ ಅಥವಾ ಬೇರೆ ಗಾಡಿಯ ಸದ್ದು ಕೂರಿಸಿದ್ದೀಯೋ ಎಂದು ಮೊದಲು ಕೇಳಿದೆ, ಏಕೆಂದರೆ ಟೂ-ಸ್ಟ್ರೋಕ್ ಗಾಡಿಯ ಬಾಯಿಗೆ ಫೋರ್-ಸ್ಟ್ರೋಕ್ ಗಾಡಿಯ ದನಿ ಕೊಡುವುದನ್ನು ನಾನು ಸಹಿಸಲಾರೆ. ಅದನ್ನೇ ಇಟ್ಟಿದ್ದ. ಪಂಕ್ಚರ್ ಅಂಗಡಿಯವರ ಕೈ ಐವತ್ತು ಸೆಕೆಂಡು ಇದೆಯೆಂದ. ಸೊಲ್ಯೂಷನ್ ಒಣಗುವುದು ಇಲ್ಲವಲ್ಲ ಎಂದು ಅವನೇ ಬೇಸರಪಟ್ಟುಕೊಂಡ.

“ಭರಮಸಾಗರದ ಹತ್ತಿರ ನೀವು ಕೂಗಿದ್ದು ಹೆಲ್ಮೆಟ್ ಕ್ಯಾಮೆರಾದಲ್ಲಿದೆ ಮಾವ. ಬಾಯಿ ಅಲ್ಲಾಡೋದು ಕಾಣುತ್ತೆ, ಬರೀ ಗಾಳಿ ಕೇಳುತ್ತೆ. ‘ಇಂಡಿಕೇಟರ್ ಆರಿಸು’ ಅಂತ ಇಲ್ಲಿ ಕೂತು ಡಬ್ ಮಾಡಿಬಿಡಬಹುದು. ಇಲ್ಲಾಂದ್ರೆ ನಾವು ಯಾಕೆ ನಿಂತ್ವಿ ಅಂತ ನೋಡೋರಿಗೆ ತಿಳಿಯಲ್ಲ.”

“ನಿನಗೆ ಆವತ್ತು ತಿಳಿದಿತ್ತಾ?”

ಸ್ವಲ್ಪ ಹೊತ್ತು ಅವನ ಕಡೆಯಿಂದ ಕೀಬೋರ್ಡಿನ ಸದ್ದು ಮಾತ್ರ ಬಂತು. ಆಮೇಲೆ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು, ಆ ಗಾಳಿಯನ್ನು ನನಗೆ ಪೂರ್ತಿ ಕೇಳಿಸಿದ.